ಡ್ರೈವರಣ್ಣನ ನಿದ್ದೆ, ನನ್ನ ಸರ್ಟಿಫಿಕೇಟು

ಮೊದಲು ಪರೀಕ್ಷೆ ಪಾಸು ಮಾಡಿ ಆಮೇಲೆ ಕೆಲಸಕ್ಕೆ ಸೇರುವವರಿದ್ದಾರೆ. ಅವರ ಕಷ್ಟ ಅವರಿಗೆ ಮಾತ್ರ. ಮೊದಲು ಕೆಲಸಕ್ಕೆ ಸೇರಿ, ಕೆಲಸ ಮಾಡುತ್ತಲೇ ಪರೀಕ್ಷೆಗೆ ಓದುವವರಿದ್ದಾರಲ್ಲ, ಅವರ ಕಷ್ಟ ಊರಿಗೆಲ್ಲ. ನಾನು ಎರಡನೆಯ ಜಾತಿಗೆ ಸೇರಿದವನು. ನನ್ನ ಓದಿನಿಂದ ಮೂರು ತಾಲ್ಲೂಕಿನ ಜನ ಪಟ್ಟ ಪಾಡು ನೆನೆದರೆ ಈಗಲೂ ನಗು ಬರುತ್ತದೆ. ಅವರಿಗೆ ಬರುತ್ತದೋ ಇಲ್ಲವೋ ಕೇಳಿಲ್ಲ.

ಅರವತ್ತರ ದಶಕದಲ್ಲಿ ನಾನು ಒಂದು ಖಾಸಗಿ ಬಸ್ಸಿನ ಕಂಡಕ್ಟರು. ಬೆಳಿಗ್ಗೆ ಆರೂವರೆಗೆ ತೀರ್ಥಹಳ್ಳಿ ಬಿಟ್ಟು, ರಿಪ್ಪನ್‌ಪೇಟೆ, ಹೊಸನಗರದ ಮೇಲೆ ಹತ್ತೂವರೆಗೆ ಸಾಗರ. ಮಧ್ಯಾಹ್ನ ಮೂರಕ್ಕೆ ಸಾಗರ ಬಿಟ್ಟು ಅದೇ ದಾರಿಯಲ್ಲಿ ವಾಪಸ್ಸು. ಇದು ಬೋರ್ಡಿನ ಮೇಲೆ ಬರೆದಿದ್ದ ಹೊತ್ತು. ಬಸ್ಸಿಗೆ ಓದಲು ಬರುತ್ತಿರಲಿಲ್ಲ.

ನಮ್ಮ ಡ್ರೈವರು ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ನಾನು ಡ್ರೈವರಣ್ಣ ಅನ್ನುತ್ತಿದ್ದೆ. ಮಾತು ಕಡಿಮೆ, ಎಲೆಯಡಿಕೆ ಜಾಸ್ತಿ. ಅವನಿಗೆ ಎರಡು ನೇಮ. ಸಣ್ಣ ಹಾಲ್ಟಿನಲ್ಲಿ ಟೀ ಕುಡಿಯುವುದು, ಸಾಗರದ ದೊಡ್ಡ ಹಾಲ್ಟಿನಲ್ಲಿ ಮಲಗುವುದು. ಮಲಗಿದನೆಂದರೆ ಗೊರಕೆಯಿಲ್ಲ, ಮಗ್ಗುಲು ಬದಲಿಸುವುದಿಲ್ಲ, ನೊಣ ಕೂತರೂ ಗೊತ್ತಾಗುವುದಿಲ್ಲ. ಕೂಗಿದರೂ, ಅಲುಗಾಡಿಸಿದರೂ ಏಳುತ್ತಿರಲಿಲ್ಲ. ನಾನು ಎರಡು ಸಲ ಸೀಟಿ ಊದಬೇಕು. ಒಂದು ಊದಿದರೆ ಬಸ್ಸು ನಿಲ್ಲಿಸು ಅಂತ, ಎರಡು ಊದಿದರೆ ಹೊರಡು ಅಂತ. ಎರಡನೆಯದು ಮುಗಿಯುವುದರೊಳಗೆ ಎದ್ದು ಕೂತು ಕೈ ಗೇರಿನ ಮೇಲೆ ಇಟ್ಟಿರುತ್ತಿದ್ದ. ಕಣ್ಣು ಆಮೇಲೆ ಬಿಡುತ್ತಿದ್ದ.

೧. ಪೆಟ್ಟಿಗೆಯೊಳಗೆ ಏನಿತ್ತು

ನಾನು ಕಂಡಕ್ಟರಾಗಿ ಮೂರು ವರ್ಷವಾಗಿತ್ತು. ಲೈಸೆನ್ಸು ಮಾತ್ರ ಇನ್ನೂ ತಾತ್ಕಾಲಿಕ. ಒಂದು ದಿನ ಹೊಸನಗರದ ಸ್ಟ್ಯಾಂಡಿನಲ್ಲಿ ಒಬ್ಬ ಹೊಸ ಇನ್ಸ್‌ಪೆಕ್ಟರು ಬಸ್ಸು ಹತ್ತಿ ನನ್ನ ಕಾಗದ ಕೇಳಿದರು. ಹಿಂದೆ ಮುಂದೆ ತಿರುಗಿಸಿ ನೋಡಿ, ಫಸ್ಟ್ ಏಡ್ ಸರ್ಟಿಫಿಕೇಟ್ ಎಲ್ಲಿ ಅಂದರು. ಹಾಗಂದರೇನು ಅಂತ ನಾನು ಕೇಳಿದೆ. ಅಲ್ಲಿಗೆ ಅವರಿಗೆ ಉತ್ತರ ಸಿಕ್ಕಿತು.

ಬಸ್ಸಿನಲ್ಲಿ ಯಾರಿಗಾದರೂ ಪೆಟ್ಟಾದರೆ ಡಾಕ್ಟರು ಸಿಗುವವರೆಗೆ ಪ್ರಥಮ ಚಿಕಿತ್ಸೆ ಮಾಡುವುದು ಕಂಡಕ್ಟರನ ಕೆಲಸ, ಅದರ ಪರೀಕ್ಷೆ ಪಾಸಾಗದಿದ್ದರೆ ಲೈಸೆನ್ಸು ಕಾಯಂ ಆಗುವುದಿಲ್ಲ ಅಂತ ವಿವರಿಸಿದರು. ಡ್ರೈವರಣ್ಣ ಸೀಟಿನಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ. ಅವನು ಹಿಂದೆ ತಿರುಗಿ, "ಸಾರ್, ಬಸ್ಸು ಮರಕ್ಕೆ ಹೊಡೆದ್ರೆ ಮೊದಲು ಹಾರಿ ಬೀಳೋದು ಬಾಗಿಲಲ್ಲಿ ನಿಂತಿರೋ ಕಂಡಕ್ಟ್ರು. ಅವನಿಗೆ ಯಾರು ಚಿಕಿತ್ಸೆ ಮಾಡ್ಬೇಕು?" ಅಂದ.

ಇನ್ಸ್‌ಪೆಕ್ಟರಿಗೆ ಈ ಪ್ರಶ್ನೆ ಹಿಡಿಸಲಿಲ್ಲ. ಫಸ್ಟ್ ಏಡ್ ಪೆಟ್ಟಿಗೆ ತೋರಿಸು ಅಂದರು. ಕೆಂಪು ಪ್ಲಸ್ ಗುರುತಿನ ತಗಡಿನ ಪೆಟ್ಟಿಗೆ ಡ್ರೈವರ್ ಸೀಟಿನ ಅಡಿಯಲ್ಲೇ ಇತ್ತು. ಬೀಗವೂ ಇತ್ತು. ಕೀಲಿ ಡ್ರೈವರಣ್ಣನ ಉಡಿದಾರದಲ್ಲಿ. ತೆರೆದರೆ ಒಳಗೆ ಒಂದು ಕಟ್ಟು ವೀಳ್ಯದೆಲೆ, ಹತ್ತು ಹನ್ನೆರಡು ಅಡಿಕೆ, ಸುಣ್ಣದ ಡಬ್ಬಿ, ಬಾಳೆಪಟ್ಟೆಯಲ್ಲಿ ಸುತ್ತಿದ ಹೊಗೆಸೊಪ್ಪು.

ಇದೇನಯ್ಯಾ ಅಂತ ಇನ್ಸ್‌ಪೆಕ್ಟರು ಕಣ್ಣು ಬಿಟ್ಟರು. ಡ್ರೈವರಣ್ಣ ಕೈಕಟ್ಟಿ ಹೇಳಿದ: "ಇದು ಇಲ್ದಿದ್ರೆ ನಂಗೆ ಪ್ರಜ್ಞೆ ಇರಲ್ಲ ಸಾರ್. ನಂಗೆ ಪ್ರಜ್ಞೆ ಇಲ್ದಿದ್ರೆ ಆಮೇಲೆ ಎಲ್ರಿಗೂ ಫಸ್ಟ್ ಏಡ್ ಬೇಕಾಗ್ತದೆ."

ಇನ್ಸ್‌ಪೆಕ್ಟರು ಅವನ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಂಡರು. ಎರಡು ತಿಂಗಳು ಗಡುವು. ಅಷ್ಟರೊಳಗೆ ಪಾಸಾಗದಿದ್ದರೆ ಬ್ಯಾಡ್ಜು ಕಳಚಿ ಒಪ್ಪಿಸಬೇಕು ಅಂತ ಬರೆದು ಕೊಟ್ಟರು.

ಸುದ್ದಿ ಕೇಳಿ ಬಸ್ಸಿನ ಸಾಹುಕಾರರು ಬೇಜಾರು ಮಾಡಿಕೊಳ್ಳಲಿಲ್ಲ. ಅವರಿಗೊಬ್ಬ ಭಾವಮೈದ, ಶಿವಮೊಗ್ಗದವನು. ಎಸ್ಸೆಸ್ಸೆಲ್ಸಿ ಮೂರು ಸಲ ಕೂತು ಮೂರೂ ಸಲ ಎದ್ದು ಬಂದವನು. ಅವನು ಬದುಕಿನಲ್ಲಿ ಪಾಸು ಮಾಡಿದ್ದು ಒಂದೇ ಪರೀಕ್ಷೆ, ಅದು ಫಸ್ಟ್ ಏಡು. ಮರುದಿನದಿಂದ ಆ ಪುಣ್ಯಾತ್ಮ ದಿನಾ ನಮ್ಮ ಬಸ್ಸಿನ ಮೊದಲ ಸೀಟಿನಲ್ಲಿ ಕೂತು ಕೆಲಸ ನೋಡಿಕೊಳ್ಳತೊಡಗಿದ. ಜನ ಸೀಟಿನ ಮೇಲೆ ಟವೆಲ್ ಹಾಕುತ್ತಾರೆ, ಇವನು ನನ್ನ ಬ್ಯಾಡ್ಜಿನ ಮೇಲೆ ಹಾಕಿದ್ದ.

ನನಗೆ ನಿಜಕ್ಕೂ ಹೆದರಿಕೆಯಾಯಿತು. ನನ್ನೂರು ಮೇಳಿಗೆಯಲ್ಲಿ ನಮ್ಮದು ಗೇಣಿ ಗದ್ದೆ. ನೀನಾದರೂ ಕೆಸರಿನಿಂದ ಮೇಲೆ ಹತ್ತು ಅಂತ ಅಪ್ಪ ನನ್ನನ್ನು ಬಸ್ಸು ಹತ್ತಿಸಿದ್ದ. ಬ್ಯಾಡ್ಜು ಹೋದರೆ ಮತ್ತೆ ಕೆಸರಿಗೇ ಇಳಿಯಬೇಕು. ಅಪ್ಪನಿಗೆ ಹೇಳಿದೆ. ಅಪ್ಪ, "ಓದು. ಗದ್ದೆಯಂತೂ ಎಲ್ಲಿಗೂ ಹೋಗಲ್ಲ" ಅಂದ. ಅದು ಧೈರ್ಯವೋ ಬೆದರಿಕೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

೨. ಯಾವ ಹಾವು

ಸಾಗರದಲ್ಲಿ ಒಬ್ಬ ಕಾಂಪೌಂಡರು ಭಾನುವಾರ ಭಾನುವಾರ ಶಾಲೆಯ ಕೋಣೆಯಲ್ಲಿ ಫಸ್ಟ್ ಏಡ್ ಕ್ಲಾಸು ನಡೆಸುತ್ತಿದ್ದರು. ಬಸ್ಸು ಸಾಗರದಲ್ಲಿ ನಿಂತ ಹೊತ್ತಿನಲ್ಲಿ ನಾನು ಕ್ಲಾಸಿಗೆ, ಡ್ರೈವರಣ್ಣ ನಿದ್ದೆಗೆ. ನಮ್ಮ ಕ್ಲಾಸಿನಲ್ಲಿ ಆರು ಜನ. ನಾಲ್ಕು ಕಂಡಕ್ಟರುಗಳು, ಅಕ್ಕಿ ಗಿರಣಿಯವನೊಬ್ಬ, ಜೋಗದ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದವನೊಬ್ಬ. ಯಾರೂ ಮೂವತ್ತರ ಕೆಳಗಿನವರಲ್ಲ. ಬೆಂಚು ಮಾತ್ರ ಒಂದನೇ ಕ್ಲಾಸಿನ ಮಕ್ಕಳದು. ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತಿತ್ತು.

ಕಾಂಪೌಂಡರು ಒಳ್ಳೆಯ ಮನುಷ್ಯ. ಆದರೆ ಒಂದು ವಿಷಯವನ್ನು ಹತ್ತು ಸಲ ಹೇಳಿಸಿ ಬಾಯಿಪಾಠ ಮಾಡಿಸದೆ ಬಿಡುತ್ತಿರಲಿಲ್ಲ. ಹಾವು ಕಚ್ಚಿದ ಪಾಠದ ದಿನ ನನ್ನನ್ನು ಮುಂದೆ ಕರೆದು, ತೋಳಿಗೆ ಬಟ್ಟೆ ಸುತ್ತಿ, ಅದರಲ್ಲೊಂದು ಕಡ್ಡಿ ಸಿಕ್ಕಿಸಿ ತಿರುಪಿ ತಿರುಪಿ ಬಿಗಿದರು. "ಒಮ್ಮೆ ಕಟ್ಟಿದ ಮೇಲೆ ಬಿಚ್ಚುವ ಅಧಿಕಾರ ಯಾರಿಗೆ?" ಅಂತ ಕೇಳಿದರು. "ಡಾಕ್ಟರಿಗೆ ಮಾತ್ರ" ಅಂತ ನಾವೆಲ್ಲ ಹತ್ತು ಸಲ ಕೂಗಿದೆವು.

ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಕಾಂಪೌಂಡರು ಸೈಕಲ್ ಹತ್ತಿ ಹೋಗೇಬಿಟ್ಟರು. ನನ್ನ ಕೈ ಕಟ್ಟಿದಂತೆಯೇ ಉಳಿಯಿತು.

ಮೊದಲು ಜುಮುಜುಮು ಅಂದಿತು. ಆಮೇಲೆ ಏನೂ ಅನ್ನಲಿಲ್ಲ. ಬೆರಳು ನೇರಳೆಹಣ್ಣಿನ ಬಣ್ಣಕ್ಕೆ ಬಂದವು. ಬಿಚ್ಚಿ ಮಾರಾಯ್ರೇ ಅಂತ ಬೇಡಿಕೊಂಡೆ. ಐದೂ ಜನ ಒಬ್ಬರ ಮುಖ ಒಬ್ಬರು ನೋಡಿದರು. ಗಿರಣಿಯವನು, ಈಗ ತಾನೇ ಡಾಕ್ಟರಿಗೆ ಮಾತ್ರ ಅಂತ ಹತ್ತು ಸಲ ಹೇಳಿದ್ದೇವೆ, ಪರೀಕ್ಷೆಯಲ್ಲಿ ಇದನ್ನೇ ಕೇಳಿದರೆ ಏನು ಮಾಡುವುದು ಅಂದ. ಮೂರು ಕಂಡಕ್ಟರುಗಳೂ ಹೌದು ಹೌದು ಅಂದರು. ಕಟ್ಟುನಿಟ್ಟಿನ ಜನ. ಬಸ್ಸಿನಲ್ಲಿ ಮಾತ್ರ ಮೂವತ್ತು ಜನರ ಜಾಗಕ್ಕೆ ಎಪ್ಪತ್ತು ಜನರನ್ನು ತುಂಬುತ್ತಿದ್ದರು.

ಕೈ ಎತ್ತಿ ಹಿಡಿದುಕೊಂಡು ಆಸ್ಪತ್ರೆಗೆ ಓಡಿದೆ. ಬಾಗಿಲಲ್ಲೇ ನರ್ಸಮ್ಮ ನನ್ನ ಕೈ ನೋಡಿ ಹೌಹಾರಿದರು. ಹಾವು ಕಚ್ಚಿದ ಕೇಸು ಅಂತ ಒಳಗೆ ಕೂಗಿ, ಪುಸ್ತಕ ತೆಗೆದು ಬರೆಯಲು ಕೂತರು.

"ಯಾವ ಹಾವು?"

ನನಗೆ ಏದುಸಿರು. ಬಾಯಿಗೆ ಬಂದದ್ದು ಒಂದೇ ಮಾತು.

"ಕಾಂಪೌಂಡ್ರು."

೩. ವಾಯಿದೆಗೆ ಬ್ಯಾಂಡೇಜು

ಕೈಗೆ ಅಭ್ಯಾಸವಾಗಬೇಕು, ಸಿಕ್ಕಸಿಕ್ಕವರಿಗೆ ಕಟ್ಟಿ ಕಲಿಯಿರಿ ಅಂತ ಕಾಂಪೌಂಡರು ಹೇಳಿದ್ದರು. ನನಗೆ ಸಿಗುವವರು ಪ್ರಯಾಣಿಕರು. ಹೊಸನಗರ ದಾಟಿದ ಮೇಲೆ ಬಸ್ಸಿನಲ್ಲಿ ಕೆಲಸ ಕಡಿಮೆ. ಮುಕ್ಕೋನದ ಬಟ್ಟೆ ಹಿಡಿದು, ಯಾರಾದರೂ ಒಂದು ಕೈ ಕೊಡಿ ಅಂತ ಕೇಳಿಕೊಂಡು ಸೀಟಿನಿಂದ ಸೀಟಿಗೆ ಹೋಗುತ್ತಿದ್ದೆ. ಹೆಂಗಸರು ನಗುತ್ತಿದ್ದರು. ಗಂಡಸರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

ಮೊದಲು ಕೈ ಕೊಟ್ಟವರು ಅಡಿಕೆ ತೋಟದ ಭಟ್ಟರೊಬ್ಬರು. ಗೇಣಿ ವ್ಯಾಜ್ಯದ ವಾಯಿದೆಗೆ ಸಾಗರದ ಕೋರ್ಟಿಗೆ ಹೊರಟಿದ್ದರು. ಅವರ ಬಲಗೈ ಮಡಿಸಿ, ಮೊಣಕೈ ಕೆಳಗೆ ಬಟ್ಟೆ ಹಾಯಿಸಿ, ಕುತ್ತಿಗೆಗೆ ಗಂಟು ಹಾಕಿ ತೂಗುಹಾಕಿದೆ. ಬಹಳ ಚೆನ್ನಾಗಿ ಬಂದಿತ್ತು. ಸಾಗರದಲ್ಲಿ ಇಳಿಯುವಾಗ ಬಿಚ್ಚಲು ಹೋದರೆ ಭಟ್ಟರು ತಡೆದರು.

"ಬಿಚ್ಚಡ ತಮಾ. ಚೊಲೋ ಇದ್ದು, ಹಿಂಗೇ ಇರ್ಲಿ."

ಮಧ್ಯಾಹ್ನ ವಾಪಸ್ಸು ಬಸ್ಸು ಹತ್ತುವಾಗ ಅವರ ಮುಖ ಅರಳಿತ್ತು. ಕೋರ್ಟಿನಲ್ಲಿ ಎಲ್ಲರೂ ದಾರಿ ಬಿಟ್ಟರಂತೆ. ಯಾರೋ ಕುರ್ಚಿ ಕೊಟ್ಟರಂತೆ. ಪಾಪ, ಕೈ ಮುರಿದುಕೊಂಡು ಬಂದಿದ್ದಾರೆ ಅಂತ ಜಡ್ಜರು ತಾವಾಗಿಯೇ ಮುಂದಿನ ತಿಂಗಳಿಗೆ ವಾಯಿದೆ ಕೊಟ್ಟರಂತೆ. ಭಟ್ಟರ ವಕೀಲರು ಎರಡು ವರ್ಷದಿಂದ ಕೇಳುತ್ತಿದ್ದದ್ದು ನನ್ನ ಮುಕ್ಕೋನದ ಬಟ್ಟೆಗೆ ಸಿಕ್ಕಿತ್ತು.

ಇಂಥ ಸುದ್ದಿಗೆ ಕಾಲು ಬೇಕಿಲ್ಲ. ಆಮೇಲೆ ಕೋರ್ಟಿನ ದಿನಗಳಲ್ಲಿ ಜನ ತಾವಾಗಿಯೇ ಕೈ ಚಾಚತೊಡಗಿದರು. ನನಗೆ ಅಭ್ಯಾಸ, ಅವರಿಗೆ ವಾಯಿದೆ. ಮುಂದಿನ ತಿಂಗಳು ಭಟ್ಟರು ಬಂದು ಮತ್ತೆ ಕೈ ಕಟ್ಟಿಸಿಕೊಂಡರು. ಅವರ ಪಕ್ಕದಲ್ಲೇ ಅವರ ಎದುರುಪಕ್ಷದವನೂ ಕೂತಿದ್ದ. ಅವರದೇ ಗದ್ದೆ ಮಾಡುವ ಗೇಣಿದಾರ. ಕೋರ್ಟಿನಲ್ಲಿ ವೈರಿಗಳು, ಬಸ್ಸಿನಲ್ಲಿ ಒಂದೇ ಸಂಚಿಯಿಂದ ಎಲೆಯಡಿಕೆ ಹಾಕುವವರು. ಅವನು ಭಟ್ಟರ ಕೈಯನ್ನೇ ನೋಡುತ್ತಿದ್ದು, ನನ್ನನ್ನು ಹತ್ತಿರ ಕರೆದ.

"ಕಂಡಕ್ಟ್ರೇ, ಭಟ್ರಿಗೆ ಕೈ ಒಂದೇ ಅಲ್ದಾ ಕಟ್ಟಿದ್ದು? ನಂಗೆ ಕೈ ಜೊತೆ ತಲೇನೂ ಕಟ್ಟಿ."

ನನಗೇನು, ತಲೆಕಟ್ಟು ಇನ್ನೂ ಸರಿಯಾಗಿ ಬಂದಿರಲಿಲ್ಲ. ಚೆನ್ನಾಗಿ ಕಟ್ಟಿದೆ. ಒಂದು ಕಣ್ಣೂ ಅದರಲ್ಲೇ ಸೇರಿಹೋಯಿತು.

ಕೋರ್ಟಿನಲ್ಲಿ ಕೇಸು ಕೂಗಿದಾಗ ವಾದಿ ಕೈ ಕಟ್ಟಿಕೊಂಡು, ಪ್ರತಿವಾದಿ ಕೈ, ತಲೆ, ಕಣ್ಣು ಕಟ್ಟಿಕೊಂಡು ಒಟ್ಟಿಗೇ ನಿಂತರು. ಜಡ್ಜರು ಇಬ್ಬರನ್ನೂ ನೋಡಿದರು. ನೀವಿಬ್ಬರೂ ಹೊಡೆದಾಡಿಕೊಂಡಿರಾ ಅಂತ ಕೇಳಿದರು. ಇಲ್ಲ ಸ್ವಾಮಿ, ನಾವು ಅನ್ಯೋನ್ಯವಾಗಿದ್ದೇವೆ ಅಂದರು ಇಬ್ಬರೂ. ಹಾಗಾದರೆ ಇದೆಲ್ಲ ಎಲ್ಲಾಯಿತು ಅಂದರೆ, ಬಸ್ಸಿನಲ್ಲಿ ಅಂದರು. ಪೊಲೀಸರಿಗೆ ಹೇಳಬೇಕಾಗುತ್ತದೆ ಅಂತ ಜಡ್ಜರು ಅಂದಾಗ ಮಾತ್ರ ಇಬ್ಬರೂ ಹೆದರಿ, ಕಂಡಕ್ಟರು ಕಟ್ಟಿದ್ದು ಅಂತ ಬಾಯಿಬಿಟ್ಟರಂತೆ.

ಅವತ್ತಿನ ಆರ್ಡರು ಭಟ್ಟರೇ ನನಗೆ ಹೇಳಿದರು. ಇನ್ನು ಮುಂದೆ ಉಭಯ ಪಕ್ಷದವರೂ ಆ ಬಸ್ಸಿನಲ್ಲಿ ಬರಕೂಡದು, ಬೇರೆ ಬಸ್ಸಿನಲ್ಲಿ ಬರತಕ್ಕದ್ದು ಅಂತ. ಆ ಹೊತ್ತಿಗೆ ಆ ದಾರಿಯಲ್ಲಿ ಇದ್ದದ್ದು ನಮ್ಮದೊಂದೇ ಬಸ್ಸು. ಕೇಸು ಇನ್ನೂ ಎರಡು ವರ್ಷ ನಡೆಯಿತು.

೪. ಸರ್ಟಿಫಿಕೇಟು ಇದ್ದವನು

ಸಾಹುಕಾರರ ಭಾವಮೈದ ಇದನ್ನೆಲ್ಲ ಮೊದಲ ಸೀಟಿನಲ್ಲಿ ಕೂತು ನೋಡುತ್ತಿದ್ದ. ನಾನು ಗಂಟು ಹಾಕಿದಾಗಲೆಲ್ಲ, ಅದು ಗಟ್ಟಿ ನಿಲ್ಲುವ ರೀಫ್ ಗಂಟಲ್ಲ, ಜಾರುವ ಅಜ್ಜಿ ಗಂಟು ಅಂತ ಎಲ್ಲರೆದುರು ಹೇಳುತ್ತಿದ್ದ. ಬೂಟು, ಕಾಲುಚೀಲ ಹಾಕಿಕೊಂಡು ನಮ್ಮ ಬಸ್ಸು ಹತ್ತುತ್ತಿದ್ದವನು ಅವನೊಬ್ಬನೇ.

ಒಂದು ಬೆಳಿಗ್ಗೆ ಕೋಣಂದೂರಿನ ಹತ್ತಿರ ಟೈರಿಗೆ ಗಾಳಿ ಕಡಿಮೆಯಾಗಿ ಎಲ್ಲರೂ ಕೆಳಗೆ ಇಳಿದಿದ್ದರು. ಭಾವಮೈದನೂ ಬೇಲಿಯಾಚೆ ಹೋಗಿ ಬಂದ. ಬಸ್ಸು ಹೊರಟು ಒಂದು ಮೈಲಿ ಹೋಗಿರಬೇಕು, ಕಾಲು ಒದ್ದೆಯಾಗಿದೆಯಲ್ಲ ಅಂತ ಪ್ಯಾಂಟು ಎತ್ತಿ ನೋಡಿಕೊಂಡ. ಬಿಳಿ ಕಾಲುಚೀಲ ಪೂರ್ತಿ ಕೆಂಪಾಗಿತ್ತು. ಉಂಬಳ. ನಮ್ಮ ಕಡೆ ಮಳೆಗಾಲದಲ್ಲಿ ಈ ಕಾಡು ಜಿಗಣೆ ಕಚ್ಚದ ಕಾಲಿಲ್ಲ. ನಮ್ಮವರು ಮಾತಿನ ನಡುವೆ ಕಿತ್ತು ಬಿಸಾಡಿ ಮಾತು ಮುಂದುವರಿಸುತ್ತಾರೆ. ಶಿವಮೊಗ್ಗದ ಭಾವಮೈದ ಮಾತ್ರ "ರಕ್ತ" ಅಂತ ಒಂದೇ ಒಂದು ಮಾತು ಹೇಳಿ, ಸೀಟಿನಿಂದ ಜಾರಿ ಕೆಳಗೆ ಬಿದ್ದ.

ಇಷ್ಟು ದಿನ ನಾನು ಕಾಯುತ್ತಿದ್ದದ್ದು ಇದಕ್ಕೇ. ಒಂದು ಸೀಟಿ ಊದಿ ಬಸ್ಸು ನಿಲ್ಲಿಸಿದೆ. ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಸಾಲಾಗಿ ಮಾಡಿದೆ. ಅಂಗಿಯ ಗುಂಡಿ ಬಿಚ್ಚಿದೆ, ಸೊಂಟದ ಪಟ್ಟಿ ಸಡಿಲಿಸಿದೆ, ಕಾಲು ಎರಡೂ ಎತ್ತಿ ಸೀಟಿನ ಮೇಲೆ ಇಟ್ಟೆ, ಗಾಳಿ ಬರಲಿ ಅಂತ ಜನರನ್ನು ದೂರ ಸರಿಸಿದೆ. ಡ್ರೈವರಣ್ಣ ಸೀಟಿನಿಂದ ಇಳಿದು ಬಂದು, ಕೆಂಪು ಪ್ಲಸ್ಸಿನ ಪೆಟ್ಟಿಗೆ ತೆರೆದು ಉಂಬಳದ ತಲೆಗೆ ಸುಣ್ಣ ಮುಟ್ಟಿಸಿದ. ಅದು ಉದುರಿತು. ಗಾಯಕ್ಕೆ ಒಂದು ಚೂರು ಹೊಗೆಸೊಪ್ಪು ಒತ್ತಿ ನನ್ನ ಕಡೆ ನೋಡಿ, "ಇನ್ಸ್‌ಪೆಕ್ಟ್ರಿಗೆ ಹೇಳು, ಪೆಟ್ಟಿಗೆ ಕೆಲಸಕ್ಕೆ ಬಂತು ಅಂತ" ಅಂದ.

ಭಾವಮೈದನಿಗೆ ಎಚ್ಚರವಾದಾಗ ಕಾಲು ಮೇಲೆ, ತಲೆ ಕೆಳಗೆ, ಪ್ಯಾಂಟು ಅರ್ಧದಲ್ಲಿ. ಸುತ್ತ ಇಡೀ ಬಸ್ಸು ನೋಡುತ್ತಿತ್ತು. ಮೀನು ಬುಟ್ಟಿಯ ಒಬ್ಬ ಅಜ್ಜಿ ಸೆರಗಿನಿಂದ ಅವನಿಗೆ ಗಾಳಿ ಹಾಕುತ್ತಿದ್ದಳು.

ಸಾಯಂಕಾಲವೇ ಅವನು ಸಾಹುಕಾರರಿಗೆ ನನ್ನ ಮೇಲೆ ದೂರು ಕೊಟ್ಟ. ಸರ್ಟಿಫಿಕೇಟು ಇಲ್ಲದವನು ತನ್ನನ್ನು ಬದುಕಿಸಿದ್ದಾನೆ ಅಂತ.

೫. ಪುಸ್ತಕದಲ್ಲಿ ಇಲ್ಲದ್ದು

ಪರೀಕ್ಷೆ ಬಂತು. ಭಾನುವಾರ, ಅದೇ ಶಾಲೆ. ಪರೀಕ್ಷೆ ಮಾಡಲು ಶಿವಮೊಗ್ಗದಿಂದ ಒಬ್ಬ ಡಾಕ್ಟರು ಬಂದಿದ್ದರು. ಕೋಟು, ಟೈ, ಕೈಯಲ್ಲಿ ನಮ್ಮ ಹೆಸರಿನ ಪಟ್ಟಿ. ಸಾಗರ ಮುಗಿಸಿ ಸಂಜೆ ತೀರ್ಥಹಳ್ಳಿಗೆ ಹೋಗಿ, ಮರುದಿನ ಅಲ್ಲಿನವರನ್ನು ಪರೀಕ್ಷೆ ಮಾಡುವವರಿದ್ದರು. ಇದೇ ನನ್ನ ಕೊನೆಯ ಅವಕಾಶ. ಮುಂದಿನ ಪರೀಕ್ಷೆ ಬರುವಷ್ಟರಲ್ಲಿ ನನ್ನ ಗಡುವು ಮುಗಿದಿರುತ್ತಿತ್ತು. ಭಾವಮೈದ ಶಾಲೆಯ ಜಗುಲಿಯಲ್ಲೇ ಕೂತಿದ್ದ.

ಮೊದಲು ಬಾಯಿಪರೀಕ್ಷೆ. ಇನ್ನೊಂದು ಬಸ್ಸಿನ ಕಂಡಕ್ಟರನನ್ನು ಡಾಕ್ಟರು ಕೇಳಿದರು: "ಬಸ್ಸಿನಲ್ಲಿ ಒಬ್ಬ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ. ಮೊದಲು ಏನು ನೋಡ್ತೀಯ?"

"ಟಿಕೆಟ್ ತಗೊಂಡಿದ್ದಾನಾ ಅಂತ ಸಾರ್."

ಆಮೇಲೆ ಕೈಕೆಲಸ. ಒಬ್ಬೊಬ್ಬರೂ ಒಬ್ಬ ರೋಗಿಯನ್ನು ಕರೆತರಬೇಕಿತ್ತು. ಗಿರಣಿಯವನು ತಮ್ಮನನ್ನು ತಂದಿದ್ದ. ಅವನಿಗೆ ಮುಟ್ಟಿದರೆ ಕಚಗುಳಿ. ಪವರ್ ಹೌಸಿನವನ ರೋಗಿ ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲೇ, ಇನ್ನೂ ಎಷ್ಟು ಹೊತ್ತು ಅಂತ ಎರಡು ಸಲ ಕೇಳಿದ. ನಾನು ಜಾಣತನ ಮಾಡಿದ್ದೆ. ಮೂರು ತಾಲ್ಲೂಕಿನಲ್ಲಿ ನಮ್ಮ ಡ್ರೈವರಣ್ಣನಷ್ಟು ಚೆನ್ನಾಗಿ ಪ್ರಜ್ಞೆ ತಪ್ಪಿದವನಂತೆ ಮಲಗುವವರು ಬೇರೆ ಇರಲಿಲ್ಲ. ಒಂದು ಕವಳ ಎಲೆಯಡಿಕೆ ಹಾಕಿಸಿ ಕರೆತಂದಿದ್ದೆ. ಚಾಪೆಯ ಮೇಲೆ ಬೋರಲು ಮಲಗಿದ. ಅವನ ನಿದ್ದೆಯ ಹೊತ್ತು ಅದು.

ಡಾಕ್ಟರು ಅವನ ಒಂದು ಕೈ ಎತ್ತಿ ಬಿಟ್ಟರು. ಕೈ ದೊಪ್ಪೆಂದು ಬಿತ್ತು. ಭೇಷ್, ರೋಗಿ ಅಂದರೆ ಹೀಗಿರಬೇಕು ಅಂತ ಎಲ್ಲರಿಗೂ ತೋರಿಸಿದರು. ನೀರಿನಲ್ಲಿ ಮುಳುಗಿದವನಿಗೆ ಉಸಿರು ತರಿಸುವುದು ನನಗೆ ಕೊಟ್ಟ ಕೆಲಸ. ಬೆನ್ನು ಒತ್ತಿದೆ, ತೋಳು ಎತ್ತಿದೆ, ಎಣಿಸಿಕೊಂಡು ಒತ್ತಿದೆ, ಎತ್ತಿದೆ. ಒಂದು ತಪ್ಪಿಲ್ಲ. ಡಾಕ್ಟರು ತಲೆದೂಗುತ್ತಿದ್ದರು. ಕಾಂಪೌಂಡರಂತೂ ಮಗಳ ಮದುವೆಯಲ್ಲಿ ನಿಂತವರ ಹಾಗೆ ನಿಂತಿದ್ದರು.

"ಸಾಕು. ರೋಗಿಗೆ ಪ್ರಜ್ಞೆ ಬಂತು. ಎಬ್ಬಿಸಿ ಕೂರಿಸಿ ಬಿಸಿ ಟೀ ಕೊಡಿ" ಅಂದರು ಡಾಕ್ಟರು.

ಡ್ರೈವರಣ್ಣ ಏಳಲಿಲ್ಲ. ಭುಜ ಹಿಡಿದು ಅಲುಗಿಸಿದೆ. ಮೊದಲೇ ಹೇಳಿದ್ದೇನಲ್ಲ, ಅಲುಗಿಸಿದರೆ ಏಳುವ ಗಿರಾಕಿ ಅಲ್ಲ. ಡಾಕ್ಟರು ಬಗ್ಗಿ ಕಿವಿಯಲ್ಲಿ ಕೂಗಿದರು. ಚಿವುಟಿದರು. ಅಂಗಾತ ಮಲಗಿಸಿ ರೆಪ್ಪೆ ಎತ್ತಿ ನೋಡಿದರು. ಕಾಂಪೌಂಡರು ಘಾಟಿನ ಸೀಸೆ ತಂದು ಮೂಗಿಗೆ ಹಿಡಿದರು. ನಮಗೆಲ್ಲ ಕಣ್ಣಲ್ಲಿ ನೀರು ಬಂತು. ಇಪ್ಪತ್ತು ವರ್ಷ ಹೊಗೆಸೊಪ್ಪು ಹಾಕಿದ ಮೂಗಿಗೆ ಅದು ತಾಗಲೇ ಇಲ್ಲ. ಡಾಕ್ಟರ ಹಣೆಯಲ್ಲಿ ಬೆವರೊಡೆಯಿತು. ಇದು ನಿದ್ದೆಯಲ್ಲ, ಏನೋ ಆಗಿದೆ, ಈ ಮನುಷ್ಯನಿಗೆ ಮೊದಲೇ ಏನಾದರೂ ಕಾಯಿಲೆ ಇತ್ತೇ ಅಂತ ನನ್ನನ್ನು ಕೇಳಿದರು.

"ಸಾರ್, ನಾನೊಂದು ಸಲ..." ಅಂತ ಬಾಯಿ ತೆರೆದೆ.

"ಹಿಂದೆ ಸರಿ. ಪಾಸಾಗದವರು ಯಾರೂ ರೋಗಿಯನ್ನು ಮುಟ್ಟಬಾರದು."

ಶಾಲೆಯ ಗಡಿಯಾರದಲ್ಲಿ ಮೂರಕ್ಕೆ ಐದು ನಿಮಿಷ. ಬಸ್ಸಿನಲ್ಲಿ ಜನ ತುಂಬಿ ಕೂತಿರುತ್ತಾರೆ. ಮುಟ್ಟಬಾರದು ಅಂದರು ತಾನೆ, ನಾನು ಮುಟ್ಟಲಿಲ್ಲ. ನಿಂತಲ್ಲಿಂದಲೇ ಜೇಬಿಗೆ ಕೈ ಹಾಕಿ ಸೀಟಿ ತೆಗೆದು ಎರಡು ಸಲ ಊದಿದೆ.

ಡ್ರೈವರಣ್ಣ ಎದ್ದು ಕೂತ. ಕಣ್ಣು ಮುಚ್ಚಿಯೇ ಇತ್ತು. ಬಲಗೈ ಗಾಳಿಯಲ್ಲಿ ಸ್ಟೀರಿಂಗು ಹಿಡಿಯಿತು. ಎಡಗೈ ಗೇರು ಹುಡುಕಿತು. ಬಗ್ಗಿ ನಿಂತಿದ್ದ ಡಾಕ್ಟರ ಟೈ ಸಿಕ್ಕಿತು. ಬಲವಾಗಿ ಎಳೆದು ಫಸ್ಟಿಗೆ ಹಾಕಿದ. ಸರಿಯಾಗಿ ಬೀಳಲಿಲ್ಲ ಅಂತ ಕಾಣುತ್ತದೆ, ಬಿಟ್ಟು ಇನ್ನೊಂದು ಸಲ ಹಾಕಿದ.

ನಾಲ್ಕು ಜನ ಸೇರಿ ಡಾಕ್ಟರನ್ನು ಬಿಡಿಸಿದೆವು. ಅವರು ಉಸಿರು ತಗೊಂಡು, ಟೈ ಸರಿಮಾಡಿಕೊಂಡು, ನನ್ನ ಕಡೆ ತಿರುಗಿದರು.

"ಸೀಟಿ ಊದೋದು ಪುಸ್ತಕದ ಎಷ್ಟನೇ ಪುಟದಲ್ಲಿದೆ?"

ಯಾವ ಪುಟದಲ್ಲೂ ಇರಲಿಲ್ಲ. ಅವರು ಪಟ್ಟಿ ತೆಗೆದು ನನ್ನ ಹೆಸರಿನ ಮುಂದೆ ಫೇಲ್ ಅಂತ ಬರೆದರು. ಟಿಕೆಟ್ ಕೇಳಿದವನು ಪಾಸು.

೬. ರಿಪ್ಪನ್‌ಪೇಟೆಯ ಟೀ

ಏನಾಯಿತು ಅಂತ ಡ್ರೈವರಣ್ಣ ಹೊರಗೆ ಬಂದ ಮೇಲೆ ಕೇಳಿದ. ಹೇಳಿದೆ. ಅವನು ಬಸ್ಸು ಹತ್ತಿ, ಪೆಟ್ಟಿಗೆ ತೆರೆದು ಎಲೆಗೆ ಸುಣ್ಣ ಹಚ್ಚಿದ, ಆದರೆ ಬಾಯಿಗೆ ಹಾಕದೆ ಹಾಗೇ ಮಡಿಸಿ ಇಟ್ಟ. ಅವನು ಎಲೆಯಡಿಕೆ ಬಿಟ್ಟದ್ದು ನಾನು ನೋಡಿದ್ದು ಅದೊಂದೇ ಸಲ. ನನಗೂ ದುಃಖ ತಡೆಯಲಿಲ್ಲ. ಟಿಕೆಟ್ ಕೊಡುವಾಗ ಗದ್ದೆಯ ಕೆಸರೇ ಕಣ್ಣೆದುರು ಬರುತ್ತಿತ್ತು.

ಡಾಕ್ಟರು ನಮ್ಮ ಬಸ್ಸೇ ಹತ್ತಿದರು, ಬೇರೆ ಇರಲಿಲ್ಲವಲ್ಲ. ಸ್ಟೀರಿಂಗ್ ಹಿಂದೆ ಕೂತವನನ್ನು ನೋಡಿ ಒಂದು ಕಾಲು ಕೆಳಗೇ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆಮೇಲೆ ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡು, ಭಾವಮೈದನ ಪಕ್ಕ ಕೂತರು. ಭಾವಮೈದ ಹೊಸನಗರದವರೆಗೂ ತನ್ನ ಸರ್ಟಿಫಿಕೇಟಿನ ಕಥೆ ಹೇಳಿದ. ಉಂಬಳದ ಕಥೆ ಹೇಳಲಿಲ್ಲ.

ರಿಪ್ಪನ್‌ಪೇಟೆಯಲ್ಲಿ ಹತ್ತು ನಿಮಿಷದ ಹಾಲ್ಟು. ಡ್ರೈವರಣ್ಣ ಹೋಟೆಲಿಗೆ ಹೋಗಿ ಎರಡು ಲೋಟ ಟೀ ಕುಡಿದು ಬಂದು, ಮಾತಾಡದೆ ಸೀಟು ಹತ್ತಿ, ಸ್ಟೀರಿಂಗ್ ಮೇಲೆ ತಲೆ ಇಟ್ಟ. ಜನ ಹತ್ತಿ ಮುಗಿಯಿತು. ನಾನು ಸೀಟಿ ಬಾಯಿಗೆ ಇಡುವಷ್ಟರಲ್ಲಿ ಭಾವಮೈದ ಕೈ ಚಾಚಿದ.

"ಇನ್ಯಾಕೆ ನಿನಗದು? ನಾಳೆಯಿಂದ ನಾನೇ ಊದಬೇಕಲ್ಲ. ಕೊಡಿಲ್ಲಿ."

ಕೊಟ್ಟೆ. ಅವನು ಒರೆಸಿಕೊಂಡು ಎರಡು ಸಲ ಊದಿದ. ಡ್ರೈವರಣ್ಣ ಅಲುಗಾಡಲಿಲ್ಲ. ಇನ್ನೆರಡು ಊದಿದ. ಕೆನ್ನೆ ಕೆಂಪಾಗುವವರೆಗೆ ಊದಿದ. ರಿಪ್ಪನ್‌ಪೇಟೆಯ ನಾಯಿಗಳೆಲ್ಲ ಬಂದು ಸೇರಿದವು. ಜನ ಕೂಗಿದರು, ಬಸ್ಸಿನ ತಗಡು ಬಡಿದರು. ಡಾಕ್ಟರು ಎದ್ದು ಬಂದು ನಾಡಿ ಹಿಡಿದರು, ಹೆಸರು ಹಿಡಿದು ಕರೆದರು, ಕಿವಿ ತಿರುಪಿದರು. ಏನೂ ಪ್ರಯೋಜನವಾಗಲಿಲ್ಲ. ಹೊತ್ತು ಮುಳುಗುತ್ತಿತ್ತು. ತೀರ್ಥಹಳ್ಳಿಯಲ್ಲಿ ಅವರಿಗೆ ನೆಂಟರ ಮನೆಯಲ್ಲಿ ಊಟ ಕಾದಿತ್ತು.

ಕೊನೆಗೆ ಭಾವಮೈದನ ಕೈಯಿಂದ ಸೀಟಿ ಕಿತ್ತು ನನ್ನೆದುರು ಹಿಡಿದರು. "ನೀನು ಊದಪ್ಪ."

ನಾನು ಕೈ ಕಟ್ಟಿ ನಿಂತಿದ್ದೆ. ಇಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. "ನಾನು ಫೇಲಾದವನು ಸಾರ್. ಪಾಸಾಗದವರು ರೋಗಿ ಹತ್ರ ಹೋಗ್ಬಾರ್ದು ಅಂತ ನೀವೇ ಹೇಳಿದ್ದು" ಅಂದೆ.

ಡಾಕ್ಟರು ನನ್ನನ್ನು ನೋಡಿದರು, ಡ್ರೈವರಣ್ಣನನ್ನು ನೋಡಿದರು, ಬಾಯಲ್ಲಿ ಉಸಿರಿಲ್ಲದೆ ಕೂತಿದ್ದ ಭಾವಮೈದನನ್ನು ನೋಡಿದರು. ಆಮೇಲೆ ಜೇಬಿನಿಂದ ಪಟ್ಟಿ ತೆಗೆದು, ಅವತ್ತೂ ಬಸ್ಸಿನಲ್ಲಿದ್ದ ಮೀನಿನ ಅಜ್ಜಿಯ ಬುಟ್ಟಿಯ ಮುಚ್ಚಳದ ಮೇಲೇ ಇಟ್ಟುಕೊಂಡು, ಫೇಲ್ ಹೊಡೆದುಹಾಕಿ ಪಾಸ್ ಅಂತ ಬರೆದು ಸಹಿ ಮಾಡಿದರು. "ಈ ಬಸ್ಸಿಗೆ ಬೇರೆ ಕಂಡಕ್ಟರ್ ಬಂದರೆ ಜನ ಸತ್ತುಹೋಗ್ತಾರೆ" ಅಂತ ತಮಗೆ ತಾವೇ ಹೇಳಿಕೊಂಡರು.

ನಾನು ಎರಡು ಸಲ ಊದಿದೆ. ಡ್ರೈವರಣ್ಣ ಎದ್ದು ಕೂತು ಗೇರು ಹಾಕಿದ. ಈ ಸಲ ಸರಿಯಾಗಿ ಬಿತ್ತು.

ತೀರ್ಥಹಳ್ಳಿಯಲ್ಲಿ ಎಲ್ಲರೂ ಇಳಿದರು. ಭಾವಮೈದ ಎಲ್ಲರಿಗಿಂತ ಮೊದಲು ಇಳಿದ, ಮರುದಿನ ಬರಲಿಲ್ಲ. ಖಾಲಿ ಬಸ್ಸಿನಲ್ಲಿ ನಾವಿಬ್ಬರೇ ಉಳಿದಾಗ ಡ್ರೈವರಣ್ಣನ ಹತ್ತಿರ ಹೋಗಿ, ನಿನ್ನ ಆ ಹಾಳು ನಿದ್ದೆಯಿಂದ ಹೋದ ಕೆಲಸ ಆ ನಿದ್ದೆಯಿಂದಲೇ ವಾಪಸ್ಸು ಬಂತಲ್ಲ, ದೇವರು ದೊಡ್ಡವನು ಅಂದೆ.

ಅವನು ಮಧ್ಯಾಹ್ನ ಮಡಿಸಿಟ್ಟಿದ್ದ ಎಲೆ ತೆಗೆದು ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ.

"ಟೀ ಕುಡ್ದ ಮೇಲೆ ನಾನು ಯಾವತ್ತಾದ್ರೂ ಮಲಗಿದ್ದು ಕಂಡಿದ್ಯನಾ ಮಾರಾಯ?" ಅಂದ. "ಆ ಡಾಕ್ಟ್ರು ಕಿವಿ ತಿರುಪಿದ್ದು ಇನ್ನೂ ಉರೀತಾ ಅದೆ. ಸರ್ಟಿಫಿಕೇಟ್ ಸಿಕ್ತಲ್ಲ, ಅದಕ್ಕೆ ಎಂತ ಹಚ್ಬೇಕು ನೋಡು."